ಕಾಲು ತೆಗೆಯುವ ಸುಖ

ಬ್ರೇಕನ್ನು ಹೊಗಳಿ ಬರೆದವರನ್ನು ನಾನು ಕಂಡಿಲ್ಲ. ಕಾರಿನ ಬಗ್ಗೆ ಬರೆಯುವವರೆಲ್ಲ ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಏರಿತು ಎಂದೇ ಬರೆಯುತ್ತಾರೆ. ನೂರರಿಂದ ಸೊನ್ನೆಗೆ ಇಳಿಯುವುದರಲ್ಲಿ ಸ್ವಾರಸ್ಯವೇನಿದೆ? ದುಡ್ಡು ಕೊಟ್ಟು ಸುಟ್ಟ ಪೆಟ್ರೋಲು ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಪಾಲಾಗುವ ಹೊತ್ತು ಅದು. ಆದರೆ ಹೈಬ್ರಿಡ್ ಕಾರು ಮನೆಗೆ ಬಂದಮೇಲೆ ನನ್ನ ರುಚಿ ತಲೆಕೆಳಗಾಗಿದೆ. ಗಾಡಿ ಓಡಿಸುವುದರಲ್ಲಿ ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಧಾನಿಸುವುದು.

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬೆಂಗಳೂರಿನೊಳಗೆ ಬರುತ್ತಿದ್ದೇನೆ ಎಂದುಕೊಳ್ಳಿ. ದೂರದಲ್ಲಿ ಸಿಗ್ನಲ್ ಕೆಂಪಾಗಿದೆ. ಮೊದಲಾಗಿದ್ದರೆ ಅಲ್ಲಿಯವರೆಗೂ ಒತ್ತಿಕೊಂಡೇ ಹೋಗಿ, ಮುಂದಿನ ಬಸ್ಸಿನ ಹಿಂಬದಿ ಕಣ್ಣಿಗೆ ತುಂಬಿದಮೇಲೆ ಬ್ರೇಕ್ ಹಾಕುತ್ತಿದ್ದೆ. ಈಗ ಕೆಂಪು ಕಂಡಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ. ಎಂಜಿನ್ ನಿಂತಿರುತ್ತದೆ, ಯಾವಾಗ ನಿಂತಿತೋ ಗೊತ್ತಾಗಿರುವುದಿಲ್ಲ. ಮೀಟರಿನ ಮುಳ್ಳು ಮೆಲ್ಲಗೆ ಜಾರಿ ‘ಚಾರ್ಜ್’ ಎಂಬ ಪಟ್ಟಿಗೆ ಬರುತ್ತದೆ. ಬ್ರೇಕಿನ ಮೇಲೆ ಪಾದವನ್ನು ಇಟ್ಟೂ ಇಡದ ಹಾಗೆ ಇಟ್ಟರೆ ಇನ್ನೂ ಕೆಳಗಿಳಿಯುತ್ತದೆ. ಇಷ್ಟು ಹೊತ್ತು ಚಕ್ರವನ್ನು ಉರುಳಿಸುತ್ತಿದ್ದ ಮೋಟರನ್ನು ಈಗ ಚಕ್ರವೇ ತಿರುಗಿಸುತ್ತಿದೆ. ಮೋಟರು ಜನರೇಟರಾಗಿದೆ, ಗಾಡಿಯ ಓಟ ಕರೆಂಟಾಗಿ ಬ್ಯಾಟರಿಗೆ ಹೋಗುತ್ತಿದೆ. ಸ್ಕ್ರೀನಿನ ಮೇಲೆ ಹಸಿರು ಬಾಣಗಳು ಚಕ್ರದಿಂದ ಹಿಂದಕ್ಕೆ ಹರಿಯುವುದನ್ನು ನೋಡಬಹುದು. ನೋಡದಿದ್ದರೆ ಇನ್ನೂ ಒಳ್ಳೆಯದು, ಪಾದಕ್ಕೇ ತಿಳಿಯುತ್ತದೆ.

ಕೊನೆಯ ಕೆಲವು ಅಡಿಗಳಲ್ಲಿ, ವೇಗ ನಡಿಗೆಯ ಮಟ್ಟಕ್ಕೆ ಇಳಿದಾಗ, ಮೋಟರು ಕೈಬಿಟ್ಟು ಡಿಸ್ಕ್ ಬ್ರೇಕು ಕೆಲಸ ವಹಿಸಿಕೊಳ್ಳುತ್ತದೆ. ಆ ಕೈಬದಲಿನಲ್ಲಿ ಒಂದು ಸಣ್ಣ ತೊಡರು ಇದೆ. ಹೊಸಬರ ಕಾಲಲ್ಲಿ ಗಾಡಿ ತಲೆದೂಗಿದ ಹಾಗೆ ಮುಗ್ಗರಿಸುತ್ತದೆ. ಒತ್ತಡವನ್ನು ಕೂದಲೆಳೆಯಷ್ಟು ಸಡಿಲಿಸುವುದು ಕಲಿತರೆ ತೊಡರು ಮಾಯವಾಗಿ, ಗಾಡಿ ನಿಂತದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ನಾನು ಈ ಕಸರತ್ತು ನಡೆಸಿರುವಾಗ ಪಕ್ಕದಿಂದ ಹಾರ್ನ್ ಹೊಡೆದುಕೊಂಡು ಮುನ್ನುಗ್ಗಿದವರು ಅದೇ ಸಿಗ್ನಲ್ಲಿನಲ್ಲಿ ನನ್ನ ಮಗ್ಗುಲಲ್ಲೇ ನಿಂತಿರುತ್ತಾರೆ. ಅವರ ಕಡೆ ನೋಡಬಾರದು. ನೋಡುತ್ತೇನೆ.

ಇದೇ ರಸ್ತೆಯ ನೆತ್ತಿಯ ಮೇಲೆ ನೇರಳೆ ಮಾರ್ಗದ ಮೆಟ್ರೊ ಹೋಗುತ್ತದೆ. ಅದೂ ನಿಲ್ದಾಣಕ್ಕೆ ಬರುವಾಗ ಮಾಡುವುದು ಇದನ್ನೇ: ಮೋಟರನ್ನು ಜನರೇಟರ್ ಮಾಡಿಕೊಂಡು ವೇಗವನ್ನು ಕರೆಂಟಾಗಿ ಹಳಿಯ ಪಕ್ಕದ ಲೈನಿಗೆ ವಾಪಸು ಕೊಡುವುದು. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ಆ ಪುಟ್ಟ ರೇವಾ ಕಾರಿನಲ್ಲೂ ಈ ಉಪಾಯವಿತ್ತು. ಆಗ ನಾವೆಲ್ಲ ಅದನ್ನು ಆಟಿಕೆಯೆಂದು ನಕ್ಕಿದ್ದೆವು.

ನಮ್ಮ ಗಾಡಿ ಹುಟ್ಟಿದ್ದು ಬಿಡದಿಯಲ್ಲಿ. ಬಿಡದಿಯೆಂದರೆ ತಟ್ಟೆ ಇಡ್ಲಿ ಮಾತ್ರ ನೆನಪಾಗುವವರಿಗೆ ಹೇಳಬೇಕು: ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗುತ್ತಿತ್ತು. 2022ರಲ್ಲಿ ಹೈರೈಡರ್ ಮತ್ತು ಹೈಕ್ರಾಸ್ ಬಂದವು. ಹೈರೈಡರ್‌ನ ಒಡಹುಟ್ಟು ಗ್ರ್ಯಾಂಡ್ ವಿಟಾರ, ಮಾರುತಿಯ ಹೆಸರು ಹೊತ್ತರೂ, ಹೊರಬಿದ್ದದ್ದು ಇದೇ ಬಿಡದಿಯ ಗೇಟಿನಿಂದ. ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಪೆಡಲು ತುಳಿಯುವುದನ್ನು ಬಿಟ್ಟಮೇಲೂ ಹಾಗೇ ಸಾಗುವ ಸುಖವನ್ನು ಈ ನಾಡಿಗೆ ಮೊದಮೊದಲು ಮಾರಿದವರಲ್ಲಿ ಅವರೊಬ್ಬರು. ಮೋಟರು ಕಾರುಗಳು ಗೇರಿನ ಗದ್ದಲದಲ್ಲಿ ನಮ್ಮಿಂದ ಕಿತ್ತುಕೊಂಡಿದ್ದ ಆ ಸುಖ, ಸೈಕಲ್ ಅಂಗಡಿಯವರ ವಂಶದ ಕಾರ್ಖಾನೆಯಿಂದಲೇ ನನ್ನ ಮನೆಗೆ ಹಿಂತಿರುಗಿದೆ ಎನ್ನುವುದು ನನಗೆ ಖುಷಿ ಕೊಡುವ ವಿಷಯ. ಇದಕ್ಕೆ ಅರ್ಥವೇನೂ ಇಲ್ಲ, ಸುಮ್ಮನೆ ಖುಷಿ.

ಒಳಗಿನ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಬಾನೆಟ್ಟಿನ ಕೆಳಗೆ ಒಂದೂವರೆ ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಜೊತೆಗೆ ಎರಡು ವಿದ್ಯುತ್ ಮೋಟರುಗಳು. ಮೂರನ್ನೂ ಕಟ್ಟಿಹಾಕಿರುವುದು ಅಂಗೈಯಗಲದ ಒಂದು ಹಲ್ಲುಚಕ್ರಗಳ ಗುಂಪು. ನಡುವೆ ಒಂದು ಚಕ್ರ, ಅದರ ಸುತ್ತ ಸುತ್ತುವ ಪುಟ್ಟ ಚಕ್ರಗಳು, ಎಲ್ಲವನ್ನೂ ಬಳಸಿದ ಹೊರಬಳೆ. ನಡುವಿನದಕ್ಕೆ ಒಂದು ಮೋಟರು, ಸುತ್ತುವವುಗಳ ಚೌಕಟ್ಟಿಗೆ ಎಂಜಿನ್, ಹೊರಬಳೆಯ ಕಡೆಗೆ ಇನ್ನೊಂದು ಮೋಟರು ಮತ್ತು ರಸ್ತೆ ಮೇಲಿನ ಚಕ್ರಗಳು. ಮೂರರ ವೇಗಗಳೂ ಒಂದಕ್ಕೊಂದು ಲೆಕ್ಕ ಒಪ್ಪಿಸಲೇಬೇಕು, ಆದರೆ ಯಾವುದೂ ಇನ್ನೊಂದರ ಜೊತೆ ಬಿಗಿದುಕೊಂಡಿಲ್ಲ. ಕ್ಲಚ್ಚು ಇಲ್ಲ, ಒಂದು ಎರಡು ಮೂರು ಎಂದು ಬದಲಿಸುವ ಗೇರಿಲ್ಲ. ಎಂಜಿನ್ನನ್ನು ಎಬ್ಬಿಸುವ ಬೇರೆ ಸ್ಟಾರ್ಟರ್ ಸಹ ಇಲ್ಲ, ಆ ಕೆಲಸ ನಡುವಿನ ಮೋಟರಿನದೇ. ಇಷ್ಟು ಕೆಲಸವನ್ನು ಇಷ್ಟು ಕಡಿಮೆ ಸಾಮಾನಿನಿಂದ ಮಾಡಿಸುವ ಯಂತ್ರವನ್ನು ಕಂಡರೆ, ಕೈಯಲ್ಲಿ ಸ್ಪ್ಯಾನರ್ ಹಿಡಿಯದ ನನ್ನಂಥವಳಿಗೂ ಕೈಮುಗಿಯಬೇಕೆನಿಸುತ್ತದೆ.

ಎಂಜಿನ್ನಿನದೂ ಒಂದು ಕಥೆ. ಜೇಮ್ಸ್ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಎಂಜಿನಿಯರು 1880ರ ದಶಕದಲ್ಲಿ ಯೋಚಿಸಿದ್ದು ಇಷ್ಟು: ಅನಿಲವನ್ನು ಒತ್ತುವ ದೂರಕ್ಕಿಂತ ಅದು ಉರಿದು ಹಿಗ್ಗುವ ದೂರ ಹೆಚ್ಚಾದರೆ ಅದೇ ಇಂಧನದಿಂದ ಇನ್ನಷ್ಟು ಕೆಲಸ ಹಿಂಡಬಹುದು. ಆತ ಸಂಧಿ ಸಂಧಿಯಾದ ಸರಳುಗಳಿಂದ ಮಾಡಿದ್ದನ್ನು ಇಂದಿನವರು ಗಾಳಿ ಒಳಬರುವ ಕವಾಟವನ್ನು ತಡವಾಗಿ ಮುಚ್ಚಿ ಮಾಡುತ್ತಾರೆ. ಇಂಧನ ಉಳಿಯುತ್ತದೆ, ಆದರೆ ಎಂಜಿನ್ ಬಡಕಲಾಗುತ್ತದೆ, ಅದರಲ್ಲೂ ನಿಂತಲ್ಲಿಂದ ಎಳೆಯುವಾಗ. ವಿದ್ಯುತ್ ಮೋಟರಿನ ಶಕ್ತಿಯೆಲ್ಲ ಇರುವುದು ಸರಿಯಾಗಿ ಅಲ್ಲೇ. ಒಬ್ಬರ ಕೊರತೆ ಇನ್ನೊಬ್ಬರ ಹೆಚ್ಚುಗಾರಿಕೆಗೆ ಕೂಡಿಬಂದ ಇಂಥ ಜೋಡಿಯನ್ನು ಯಂತ್ರಗಳಲ್ಲಿ ಸೇರಿಸಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಮನುಷ್ಯರಲ್ಲಿ ಜಾತಕ ನೋಡಿಯೂ ಆಗುವುದಿಲ್ಲ.

ಜೋಡಿಸಲು ನೋಡಿದವರು ಇರಲಿಲ್ಲವೆಂದಲ್ಲ. 1900ರಲ್ಲೇ ಫರ್ಡಿನಾಂಡ್ ಪೋರ್ಷೆ ಪೆಟ್ರೋಲ್ ಎಂಜಿನ್ನಿನಿಂದ ಕರೆಂಟು ಮಾಡಿ ಚಕ್ರದೊಳಗಿನ ಮೋಟರಿಗೆ ಕೊಡುವ ಗಾಡಿ ಕಟ್ಟಿದ್ದ. ಆದರೆ ಸಾಮಾನ್ಯರ ಮನೆಮುಂದೆ ನಿಲ್ಲುವ ಹೈಬ್ರಿಡ್ ಬಂದದ್ದು 1997ರ ಡಿಸೆಂಬರಿನಲ್ಲಿ, ಜಪಾನಿನಲ್ಲಿ, ಪ್ರಿಯಸ್ ಎಂಬ ಹೆಸರಿನಲ್ಲಿ. ಅದರ ಮುಖ್ಯ ಎಂಜಿನಿಯರ್ ತಕೇಶಿ ಉಚಿಯಾಮಾದ ಅದಕ್ಕೂ ಮೊದಲು ವರ್ಷಗಟ್ಟಲೆ ಮಾಡಿದ ಕೆಲಸ ಕಾರುಗಳ ಸದ್ದು ಮತ್ತು ನಡುಕವನ್ನು ಅಡಗಿಸುವುದು. ಅವರ ತಂಡದ ಮೊದಲ ಮಾದರಿ 49 ದಿನ ಇದ್ದಲ್ಲಿಂದ ಅಲುಗಾಡಲಿಲ್ಲವಂತೆ. ಎಂಜಿನ್ನೂ ಮೋಟರೂ ಯಾರು ಯಾವಾಗ ಕೈಹಾಕಬೇಕೆಂದು ಒಪ್ಪಿಸುವುದೇ ಕಷ್ಟದ ಕೆಲಸ. ಆ ಒಪ್ಪಂದವನ್ನು ನಾವೀಗ ಯೋಚಿಸದೆ ಅನುಭವಿಸುತ್ತೇವೆ.

ನನಗೆ ಅದು ಯಕ್ಷಗಾನದ ಹಿಮ್ಮೇಳದ ಹಾಗೆ ಕೇಳಿಸುತ್ತದೆ. ಮದ್ದಳೆ ಹಾಡಿನ ಜೊತೆಗೇ ಇರುತ್ತದೆ, ಅದರ ಮೇಲೆ ಕಿವಿ ಹೋಗುವುದಿಲ್ಲ. ವೀರವೇಷ ರಂಗಕ್ಕೆ ನುಗ್ಗುವಾಗ ಚೆಂಡೆ ಬೀಳುತ್ತದೆ. ಬೆಳಿಗ್ಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಹೊರಡುವಾಗ ಬರಿಯ ಮದ್ದಳೆ. ರ‍್ಯಾಂಪ್ ಏರುವಾಗಲೂ ಎಷ್ಟೋ ಸಲ ಅಷ್ಟೇ. ಗೇಟಿನ ಬಳಿ ಮಲಗಿದ ನಾಯಿ ಏಳುವುದಿಲ್ಲ, ಇಳಿದು ಎಬ್ಬಿಸಬೇಕು. ರಿಂಗ್ ರಸ್ತೆಗೆ ಸೇರಿಕೊಳ್ಳಲು ಕಾಲಿಟ್ಟು ಒತ್ತಿದಾಗ ಚೆಂಡೆ. ನೈಪುಣ್ಯವಿರುವುದು ಅದು ಬೀಳುವ ಕ್ಷಣದಲ್ಲಿ. ಹದವಾಗಿ ಒತ್ತಿದರೆ ಎಂಜಿನ್ ಬಂದದ್ದು ಗೊತ್ತಾಗುವುದು ಬಂದು ಸ್ವಲ್ಪ ಹೊತ್ತಾದಮೇಲೆ. ಅವಸರಪಟ್ಟು ತುಳಿದರೆ ಮೂರು ಸಿಲಿಂಡರಿನ ಜಾಯಮಾನ ಹೊರಬಿದ್ದು ಗೊರಗೊರ ಎನ್ನುತ್ತದೆ. ವೇಗ ಏರುವ ಮೊದಲೇ ಸದ್ದು ಏರಿ ಕೂಗುವುದು ಗೇರ್ ಬದಲಿಸಿ ಬೆಳೆದವರ ಕಿವಿಗೆ ಅಪಸ್ವರ. ಅದನ್ನು ಚೆಂದವೆಂದು ಹೇಳಲಾರೆ. ತುಳಿಯಬೇಡಿ ಎಂದಷ್ಟೇ ಹೇಳಬಲ್ಲೆ.

ಉಳಿದ ಲೌಕಿಕಗಳನ್ನು ಬೇಗ ಹೇಳಿಬಿಡುತ್ತೇನೆ. ಚಾರ್ಜಿಂಗ್ ಎಲ್ಲಿ ಹಾಕ್ತೀರಾ ಮೇಡಂ ಎಂದು ವಾಚ್‌ಮನ್ ಕೇಳುತ್ತಾನೆ. ಎಲ್ಲೂ ಇಲ್ಲ, ಇದಕ್ಕೆ ಪ್ಲಗ್ಗೇ ಇಲ್ಲ. ಪ್ರಮಾಣಪತ್ರದ ಮೇಲಿನ ಮೈಲೇಜು ಲೀಟರಿಗೆ 27.97 ಕಿಲೋಮೀಟರ್. ನನ್ನ ಕಾಲಿಗೆ ಊರೊಳಗೆ ಇಪ್ಪತ್ತೆರಡರ ಆಸುಪಾಸು ಸಿಗುತ್ತದೆ. ತಮಾಷೆಯೆಂದರೆ ಹೆದ್ದಾರಿಯಲ್ಲಿ ನೂರರ ಮೇಲೆ ಹೊಡೆದರೆ ಅದು ಇಳಿಯುತ್ತದೆ. ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲೇ ಇದರ ಬಾಳು ಹಸನು, ಎಂದಮೇಲೆ ಬೆಂಗಳೂರಿಗೆ ಹೇಳಿಮಾಡಿಸಿದ್ದು. ಸಿಗ್ನಲ್ಲಿನಲ್ಲಿ ಎಂಜಿನ್ ನಿಂತಿದ್ದರೂ ಏಸಿ ತಣ್ಣಗೇ ಇರುತ್ತದೆ, ಅದರ ಕಂಪ್ರೆಸರ್ ಓಡುವುದು ಕರೆಂಟಿನಲ್ಲಿ. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿ ಕಿರಿದು. ಊರಿನಿಂದ ಹಲಸು ತೆಂಗು ತುಂಬಿಕೊಂಡು ಬರುವವರು ಮೊದಲೇ ನೋಡಿಕೊಳ್ಳಬೇಕು. ಬೆಲೆಯೂ ಸಾದಾ ಪೆಟ್ರೋಲ್ ಮಾದರಿಗಿಂತ ಜಾಸ್ತಿ, ತೆರಿಗೆಯೂ ಭಾರ. 2025ರ ಸೆಪ್ಟೆಂಬರಿನಿಂದ ಈ ಅಳತೆಯ ಹೈಬ್ರಿಡ್‌ಗೆ ಜಿಎಸ್‌ಟಿ ಶೇ 40, ಪೂರಾ ವಿದ್ಯುತ್ ಕಾರಿಗೆ ಶೇ 5. ಉಳಿತಾಯದ ಲೆಕ್ಕ ಹಾಕಿ ಕೊಳ್ಳುವವರು ದಿನಕ್ಕೆ ಎಷ್ಟು ಓಡಿಸುತ್ತೇವೆಂದು ಕಾಗದದ ಮೇಲೆ ಬರೆದು ನೋಡಲಿ. ರುಚಿಗಾಗಿ ಕೊಂಡವಳ ಮಾತನ್ನು ನಂಬಬೇಕಿಲ್ಲ. ಮಳೆಗಾಲದ ಬೆಳಿಗ್ಗೆ ಬ್ರೇಕ್ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕಿನ ಬಣ್ಣ ಕಾಣುತ್ತದೆ. ಎಲ್ಲ ಕಾರಿಗೂ ಬರುವಂಥದ್ದೇ, ಇಲ್ಲಿ ಅಳಿಸಿಹೋಗಲು ಸ್ವಲ್ಪ ತಡ, ಏಕೆಂದರೆ ಡಿಸ್ಕಿಗೆ ಕೆಲಸ ಕಡಿಮೆ. ಆ ತುಕ್ಕನ್ನು ಕಂಡರೆ ನನಗೆ ಜಂಬ.

ಇಳಿಯುವ ಸುಖದ ಪೂರ್ಣಪಾಠವಿರುವುದು ಘಾಟಿಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ ಮೊದಲ ತಿರುವುಗಳಲ್ಲಿ ಪಾದಕ್ಕೆ ಹಬ್ಬ. ಎಂಜಿನ್ ಸುಮ್ಮನಿದೆ, ಕಿಟಕಿ ಇಳಿಸಿದರೆ ಬಂಡೆಯ ಮೇಲಿನಿಂದ ಬೀಳುವ ನೀರು ಕೇಳುತ್ತದೆ, ಬ್ಯಾಟರಿ ತುಂಬುತ್ತಿದೆ. ಆದರೆ ಬೆಟ್ಟದ ಮುಂದೆ ಬ್ಯಾಟರಿ ಎಷ್ಟರದು! ಜನ ತುಂಬಿದ ಗಾಡಿ 1,600 ಕೆಜಿ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಕೆಳಗಿಳಿದರೆ ಬಿಟ್ಟುಕೊಡುವ ಶಕ್ತಿ ಮನೆಯ ಮೀಟರಿನ ಲೆಕ್ಕದಲ್ಲಿ ಎರಡು ಯೂನಿಟ್‌ಗೂ ಮಿಗಿಲು. ಬ್ಯಾಟರಿಯ ಹೊಟ್ಟೆ ಮುಕ್ಕಾಲು ಯೂನಿಟ್, ಅದರಲ್ಲೂ ಪೂರ್ತಿ ತುಂಬಲು ಗಾಡಿಯ ಕಂಪ್ಯೂಟರ್ ಬಿಡುವುದಿಲ್ಲ. ಘಾಟಿ ಮುಗಿಯುವುದಕ್ಕೆ ಬಹಳ ಮೊದಲೇ ಬ್ಯಾಟರಿ ಸಾಕು ಎನ್ನುತ್ತದೆ. ಆಗ, ನಾನು ಏನೂ ಒತ್ತದೆ, ಎಂಜಿನ್ ಹೋ ಎಂದು ಎದ್ದು ತಿರುಗತೊಡಗುತ್ತದೆ. ಮೊದಲ ಸಲ ಕೇಳಿದವರು ಗಾಡಿ ಕೆಟ್ಟಿತೆಂದು ಬೆದರುತ್ತಾರೆ. ಕೆಟ್ಟಿಲ್ಲ. ಹೆಚ್ಚಾದ ಕರೆಂಟನ್ನು ಮೋಟರಿಗೆ ಕೊಟ್ಟು, ಪೆಟ್ರೋಲು ಕೊಡದೆ ಎಂಜಿನ್ನನ್ನು ಬರಿದೇ ತಿರುಗಿಸಿ, ಇಳಿಜಾರಿನ ಶಕ್ತಿಯನ್ನು ಅಲ್ಲಿ ಕರಗಿಸುತ್ತಿದೆ. ಗೇರ್ ಸನ್ನೆಯನ್ನು ‘ಬಿ’ಗೆ ಎಳೆದುಕೊಂಡರೆ ಹಿಡಿತ ಇನ್ನೂ ಬಿಗಿ.

ಈಚೆಗೆ ಇಳಿಯುವಾಗ ಪಕ್ಕದ ಸೀಟಿನಲ್ಲಿ ನನ್ನ ಸೋದರಮಾವ ಇದ್ದರು. ಚಿಕ್ಕಮಗಳೂರು ಕಡೆಯ ಕೆಂಪು ಬಸ್ಸು ಓಡಿಸಿ ನಿವೃತ್ತರಾದವರು, ಈ ಘಾಟಿಯ ಒಂದೊಂದು ತಿರುವಿಗೂ ಪರಿಚಯದವರು. ಅವರ ಕಾಲದಲ್ಲಿ ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವ ಚಾಲಕರಿದ್ದರಂತೆ. ಮಾವ ಅವರನ್ನು ಈಗಲೂ ಬೈಯುತ್ತಾರೆ. ಉಳಿತಾಯಕ್ಕೆ ಆಸೆಪಟ್ಟು ಹಿಡಿತ ಕಳೆದುಕೊಂಡವರು ಎಂಬ ಸಿಟ್ಟು. ಮೊದಲ ತಿರುವುಗಳಲ್ಲಿ ಸದ್ದೇ ಇಲ್ಲದ್ದನ್ನು ಕಂಡು ಅವರ ಬಲಗಾಲು ನೆಲವನ್ನು ಒತ್ತತೊಡಗಿತು.

“ಏ ಮಾರಾಯ್ತಿ, ನ್ಯೂಟ್ರಲ್ ಹಾಕಿದ್ಯೇನೆ?”

“ಇಲ್ಲ ಮಾವ, ಗೇರಲ್ಲೇ ಇದೆ. ಕರೆಂಟ್ ಹಿಡ್ಕೊಂಡಿದೆ.”

ನಂಬಲಿಲ್ಲ. ಮೀಟರಿನ ಮುಳ್ಳು ತೋರಿಸಿದೆ, ಅದನ್ನೂ ನಂಬಲಿಲ್ಲ. ಇನ್ನಷ್ಟು ಇಳಿದಮೇಲೆ ಬ್ಯಾಟರಿ ತುಂಬಿ ಎಂಜಿನ್ ಗುಟುರು ಹಾಕಿತು, ಗಾಡಿ ತನ್ನನ್ನು ತಾನೇ ಹಿಡಿದುಕೊಂಡಿತು. ಮಾವ ತಲೆ ಓರೆಮಾಡಿ ಒಂದು ತಿರುವು ಮುಗಿಯುವವರೆಗೆ ಕೇಳಿಸಿಕೊಂಡರು. ಬಲಗಾಲು ಸಡಿಲವಾಯಿತು.

“ಹಾಂ, ಈಗ ಸೆಕೆಂಡ್ ಗೇರಿಗೆ ಹಾಕ್ದಂಗಾಯ್ತು ನೋಡು. ಬುದ್ಧಿವಂತ ಗಾಡಿ,” ಎಂದರು. ಕೆಳಗೆ ಚಾರ್ಮಾಡಿಯ ಚೆಕ್‌ಪೋಸ್ಟ್ ದಾಟಿದಮೇಲೆ ಮೈಲೇಜಿನ ಬಗ್ಗೆ ಡಿಪೋದವರ ಪ್ರಶ್ನೆ ಬಂತು: “ಕೆಎಂಪಿಎಲ್ ಎಷ್ಟು ತೋರಿಸ್ತಿದೆ?”

ಸ್ಕ್ರೀನು 99.9 ತೋರಿಸುತ್ತಿತ್ತು, ಅದರಾಚೆ ಎಣಿಸಲು ಅದಕ್ಕೆ ಬರುವುದಿಲ್ಲ. ಮಾವ ಕನ್ನಡಕ ಏರಿಸಿ ಓದಿದರು. “ಇದನ್ನ ಡಿಪೋದಲ್ಲಿ ಬರೆದಿದ್ರೆ ಸಸ್ಪೆಂಡ್ ಮಾಡ್ತಿದ್ರು,” ಎಂದು ಹೇಳಿ, ಉಜಿರೆಯಲ್ಲಿ ಕಾಫಿ ಕುಡಿದಮೇಲೆ ಸ್ಟೀರಿಂಗ್ ಕೊಡು ಅಂದರು.