ವಿದ್ಯುಜ್ಜಾಲದ ದೌರ್ಬಲ್ಯವೂ ‘ವಿಧ್ವಂಸಕ’ ಪದದ ಪ್ರಯೋಗವೂ: ಪುತ್ತೂರು, ಸುಳ್ಯ, ಕಡಬ ಸೀಮೆಯನ್ನು ಕುರಿತ ಒಂದು ವಿಮರ್ಶೆ

ವಿದ್ಯುಜ್ಜಾಲದ ಭದ್ರತೆಯನ್ನು ಕುರಿತು ಕಳೆದ ಒಂದೆರಡು ದಶಕಗಳಲ್ಲಿ ಪ್ರಪಂಚದ ನಾನಾ ಕಡೆ ಬೆಳೆದುಬಂದಿರುವ ಬರವಣಿಗೆಯನ್ನು ಪರ್ಯಾಲೋಚಿಸಿದಲ್ಲಿ ಒಂದು ಲಕ್ಷಣವು ಎದ್ದು ಕಾಣುತ್ತದೆ. ಅದು ಮೊದಲು ಶತ್ರುವನ್ನು ಕಲ್ಪಿಸಿಕೊಂಡು ಅನಂತರ ತಂತಿಯ ಕಡೆಗೆ ಬರುತ್ತದೆ. ಯಾರು ಕೆಡಿಸಬಹುದು ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರವಿರುತ್ತದೆ. ಕೆಡುವಂತೆ ಅದನ್ನು ಕಟ್ಟಿದವರು ಯಾರು, ಏಕೆ ಹಾಗೆ ಕಟ್ಟಿದರು ಎಂಬ ಪ್ರಶ್ನೆಗೆ ಒಂದೆರಡು ವಾಕ್ಯಗಳೂ ದೊರೆಯುವುದು ಕಷ್ಟ. ಈ ಕ್ರಮವು ಇತಿಹಾಸದ ವಿದ್ಯಾರ್ಥಿಗೆ ಒಪ್ಪತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ದಕ್ಷಿಣ ಕನ್ನಡದ ಘಟ್ಟದ ಬುಡದ ಮೂರು ತಾಲೂಕುಗಳ ನಿದರ್ಶನದಿಂದ ವಿವೇಚಿಸಲು ಇಲ್ಲಿ ಯತ್ನಿಸಿದ್ದೇವೆ.

ಮೊದಲು ಹೊರಗಿನ ಸಂಗತಿಗಳನ್ನು ಚುಟುಕಾಗಿ ನೋಡೋಣ. ೨೦೧೩ರ ಏಪ್ರಿಲ್ ೧೬ರಂದು ಅಮೆರಿಕದ ಕ್ಯಾಲಿಫೋರ್ನಿಯದ ಮೆಟ್‌ಕಾಫ್ ಎಂಬಲ್ಲಿಯ ವಿದ್ಯುತ್ ಕೇಂದ್ರದ ಮೇಲೆ ಗುಂಡು ಹಾರಿಸಿ ೧೭ ಪರಿವರ್ತಕಗಳನ್ನು ಕೆಡಿಸಿದರು. ೨೦೨೨ರ ಡಿಸೆಂಬರಿನಲ್ಲಿ ನಾರ್ತ್ ಕ್ಯಾರೊಲಿನದ ಮೂರ್ ಕೌಂಟಿಯಲ್ಲಿ ಇದೇ ರೀತಿಯ ಕೃತ್ಯದಿಂದ ಸುಮಾರು ೪೫,೦೦೦ ಗ್ರಾಹಕರಿಗೆ ಕತ್ತಲಾಯಿತು. ೨೦೧೫ರ ಡಿಸೆಂಬರ್ ೨೩ರಂದು ಯುಕ್ರೇನಿನಲ್ಲಿ ಗಣಕಗಳ ಮೂಲಕವೇ ಪೂರೈಕೆಯನ್ನು ನಿಲ್ಲಿಸಲಾಯಿತು. ಇವು ನಿಸ್ಸಂದೇಹವಾಗಿ ವಿಧ್ವಂಸಕ ಕೃತ್ಯಗಳೇ. ಆದರೆ ನಮ್ಮ ದೇಶದ ಅತಿ ದೊಡ್ಡ ಕತ್ತಲೆ, ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತವನ್ನೂ ಪೂರ್ವ ಭಾರತವನ್ನೂ ಮುಸುಕಿದ್ದು, ಯಾವ ಶತ್ರುವಿನ ಕೆಲಸವೂ ಆಗಿರಲಿಲ್ಲ. ಅತಿಭಾರ ಹೊತ್ತ ಬೀನಾ–ಗ್ವಾಲಿಯರ್ ಮಾರ್ಗ ಕೈಕೊಟ್ಟಿತು. ಅದರ ಹಿಂದೆಯೇ ಉಳಿದವು ಒಂದೊಂದಾಗಿ ಬಿದ್ದವು. ೬೦ ಕೋಟಿಗೂ ಮಿಕ್ಕ ಜನರ ಪ್ರದೇಶ ಕತ್ತಲಲ್ಲಿ ಮುಳುಗಿದಾಗ ಕರ್ನಾಟಕವು ಬೆಳಕಿನಲ್ಲಿತ್ತು. ಏಕೆಂದರೆ ದಕ್ಷಿಣದ ಜಾಲವು ಆಗ ಉಳಿದ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿರಲಿಲ್ಲ. ರಾಯಚೂರು–ಸೋಲಾಪುರದ ೭೬೫ ಕಿಲೋವೋಲ್ಟ್ ಮಾರ್ಗದ ಮೂಲಕ ಅದು ಕೂಡಿದ್ದು ೨೦೧೩ರ ಡಿಸೆಂಬರ್ ೩೧ರಂದು. ಹಿಂದುಳಿದದ್ದೆಂದು ಎಣಿಸಿದ್ದ ಪ್ರತ್ಯೇಕತೆಯೇ ಅಂದು ರಕ್ಷೆಯಾಯಿತು. ೨೦೨೦ರ ಅಕ್ಟೋಬರ್ ೧೨ರ ಮುಂಬಯಿಯ ಕತ್ತಲೆಯ ವಿಷಯದಲ್ಲಾದರೋ, ರಾಜ್ಯದ ಗೃಹಮಂತ್ರಿಗಳು ಗಣಕದ್ರೋಹದ ಶಂಕೆಯನ್ನು ಮುಂದಿಟ್ಟರು, ಕೇಂದ್ರದ ವಿದ್ಯುತ್ ಮಂತ್ರಿಗಳು ಮನುಷ್ಯಸಹಜವಾದ ತಪ್ಪೆಂದರು. ಒಂದೇ ಘಟನೆಗೆ ಎರಡು ಅಧಿಕೃತ ವಾಣಿಗಳು! ಹೀಗಿರಲು, ದೀಪ ಆರಿದೊಡನೆ ಆರಿಸಿದವನನ್ನು ಹುಡುಕುವುದು ವಿಮರ್ಶಕನಿಗೆ ಸಲ್ಲದು.

ಇನ್ನು ನಮ್ಮ ಸೀಮೆಗೆ ಬರೋಣ. ಪುತ್ತೂರು, ಸುಳ್ಯ ಮತ್ತು ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ಕಡಬಗಳು ಕುಮಾರಧಾರಾ, ಪಯಸ್ವಿನಿ ನದಿಗಳ ಕಣಿವೆಗಳಲ್ಲಿ ಹರಡಿಕೊಂಡಿವೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ; ಗುಡ್ಡದಿಂದ ಗುಡ್ಡಕ್ಕೆ ಕಾಡು, ರಬ್ಬರು, ಅಡಕೆಯ ತೋಟ. ಒಂದು ಮನೆಗೂ ಇನ್ನೊಂದು ಮನೆಗೂ ಕೂಗಳತೆಯ ದೂರವಾದರೂ ಇರುವುದರಿಂದ ತಂತಿಯ ಉದ್ದ ಹೆಚ್ಚು, ಗ್ರಾಹಕರ ಸಂಖ್ಯೆ ಕಡಿಮೆ. ಸುಳ್ಯಕ್ಕೆ ಬಹುಕಾಲ ಪುತ್ತೂರಿನ ಕಡೆಯಿಂದ ಬರುವ ೩೩ ಕಿಲೋವೋಲ್ಟ್ ಮಾರ್ಗವೇ ಆಧಾರವಾಗಿತ್ತು. ೧೧೦ ಕಿಲೋವೋಲ್ಟಿನ ಕೇಂದ್ರವೆಂಬುದು ದಶಕಗಳ ಕಾಲ ಬೇಡಿಕೆಯಾಗಿಯೇ ಉಳಿದಿತ್ತು. ಪರ್ಯಾಯ ಮಾರ್ಗವಿಲ್ಲದ ಇಂಥ ಒಂಟಿ ಮಾರ್ಗವು ಕಾಡಿನ ನಡುವೆ ಹಾದುಬರುವಾಗ ಅದನ್ನು ಕೆಡಿಸಲು ಶತ್ರುವೇ ಬರಬೇಕಾಗಿಲ್ಲ. ಮುಂಗಾರಿನ ಮೊದಲ ಗಾಳಿಗೆ ಒಂದು ಮರ ಅಡ್ಡ ಬಿದ್ದರೆ ಸಾಕು. ಸಿಡಿಲು ಬಡಿದು ಒಂದು ಇನ್ಸುಲೇಟರ್ ಒಡೆದರೂ ಸಾಕು. ಮಳೆಯಲ್ಲಿ ಟಾರ್ಚು ಹಿಡಿದು ಕಂಬದಿಂದ ಕಂಬಕ್ಕೆ ನಡೆದು ಆ ಒಂದು ಒಡಕನ್ನು ಹುಡುಕುವ ಲೈನ್‌ಮನ್ನನೇ ಇಲ್ಲಿಯ ಭದ್ರತೆಯ ಮುಖ್ಯ ಅಂಗ. ಭದ್ರತೆಯ ಗ್ರಂಥಗಳಲ್ಲಿ ಆತನಿಗೆ ಸ್ಥಾನವಿಲ್ಲ.

ಇದರಿಂದ ಕೆಡುವುದೇನು? ದೀಪವಷ್ಟೇ ಅಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಅಡಕೆಯ ತೋಟಕ್ಕೆ ನೀರು ಬೇಕೇ ಬೇಕು; ಆ ನೀರು ಇಂದು ಪಂಪಿನಿಂದ ಬರುತ್ತದೆ. ಹಿಂದೆ ಹೊಳೆಗೆ ತೊರೆಗೆ ಮಣ್ಣು, ಕಲ್ಲು, ಸೊಪ್ಪುಗಳಿಂದ ಕಟ್ಟ ಕಟ್ಟಿ ತೋಡಿನಲ್ಲಿ ನೀರು ಹಾಯಿಸುತ್ತಿದ್ದರು. ಕಟ್ಟ ಒಡೆದರೆ ಅದರ ಕೆಳಗಿನ ಕೆಲವು ತೋಟಗಳು ಒಣಗುತ್ತಿದ್ದವು, ಅಷ್ಟೇ. ಈಗ ಒಂದು ಮಾರ್ಗ ನಿಂತರೆ ಹತ್ತಾರು ಗ್ರಾಮಗಳ ಪಂಪುಗಳು ಒಂದೇ ಕ್ಷಣದಲ್ಲಿ ನಿಲ್ಲುತ್ತವೆ. ಕಟ್ಟಗಳ ಕಾಲ ಸುಖದ ಕಾಲವಾಗಿತ್ತೆಂದು ನಾವು ಹೇಳುತ್ತಿಲ್ಲ. ಪ್ರತಿವರ್ಷ ಅವನ್ನು ಕಟ್ಟುವ ಶ್ರಮವನ್ನು ಬಲ್ಲವರು ಹಾಗೆನ್ನಲಾರರು. ಚದರಿಹೋಗಿದ್ದ ಅಪಾಯವು ಒಂದೆಡೆ ಕೂಡಿಕೊಂಡಿತೆಂಬುದಷ್ಟೇ ನಮ್ಮ ವಾದ.

ಈ ಕೂಡುವಿಕೆಯ ಮಹತ್ವವನ್ನು ತಿಳಿಯಲು ಇದೇ ನೆಲದ ಹಳೆಯ ಪ್ರಕರಣವೊಂದನ್ನು ನೋಡಬೇಕು. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿ ಸರಕಾರವು ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾಯಿತು. ಹಣಕ್ಕಾಗಿ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ೧೮೩೭ರ ಮಾರ್ಚ್ ಕೊನೆಯಲ್ಲಿ ದಂಗೆಯೆದ್ದವರು ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ಪುತ್ತೂರಿಗೆ ಬಂದಿದ್ದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಮ್ಮೆಟ್ಟಿದನು. ಏಪ್ರಿಲ್ ೫ರಂದು ಮಂಗಳೂರೂ ಅವರ ವಶವಾಯಿತು. ಹೊರಗಿನಿಂದ ಸೈನ್ಯ ಬಂದ ಮೇಲೆ ದಂಗೆ ಅಡಗಿತು, ನಾಯಕರು ಗಲ್ಲಿಗೇರಿದರು.

ಈ ವೃತ್ತಾಂತವನ್ನು ಬರೆದವರೆಲ್ಲರೂ ನಗದು ಕಂದಾಯವನ್ನು ದಂಗೆಯ ಕಾರಣಗಳಲ್ಲಿ ಒಂದೆಂದು ಎಣಿಸುತ್ತಾರೆ. ಅದು ಸರಿಯೇ. ಆದರೆ ಅದರ ಇನ್ನೊಂದು ಮುಖವು ಗಮನಕ್ಕೆ ಬಂದಂತಿಲ್ಲ. ಭತ್ತವು ನೂರಾರು ಕಣಜಗಳಲ್ಲಿ ಹಂಚಿಹೋಗಿರುತ್ತದೆ. ಅದನ್ನು ಒಂದು ಮುಂಜಾನೆಯಲ್ಲಿ ಕೊಳ್ಳೆಹೊಡೆಯಲಾಗದು. ನಾಣ್ಯವಾದರೋ ಒಂದು ಪೆಟ್ಟಿಗೆಯಲ್ಲಿ, ಒಂದು ಕಟ್ಟಡದಲ್ಲಿ, ಕೆಲವೇ ಮಂದಿ ಕಾವಲುಗಾರರ ವಶದಲ್ಲಿ ಬಂದು ಕೂಡುತ್ತದೆ. ಜನರಲ್ಲಿ ಅಸಂತೋಷವನ್ನು ಹುಟ್ಟಿಸಿದ ವ್ಯವಸ್ಥೆಯೇ ಆ ಅಸಂತೋಷಕ್ಕೆ ಗುರಿಯೊಂದನ್ನೂ ಒದಗಿಸಿಕೊಟ್ಟಿತು. ಇದು ದಾಖಲೆಯಲ್ಲಿ ಬರೆದಿಟ್ಟ ಮಾತಲ್ಲ, ಘಟನೆಗಳ ಅನುಕ್ರಮದಿಂದ ನಾವು ಮಾಡಿದ ಊಹೆ. ಆದರೂ ಬೆಳ್ಳಾರೆಯಂಥ ಚಿಕ್ಕ ಊರು ದಂಗೆಯ ಮೊದಲ ಗುರಿಯಾದುದಕ್ಕೆ ಇದಕ್ಕಿಂತ ಸಮರ್ಪಕವಾದ ಕಾರಣ ನಮಗೆ ತೋರದು.

ಈ ದಂಗೆಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ನಿಂತುಬಿಟ್ಟಿತು. ಕಾಟವೆಂದರೆ ಉಪದ್ರವ. ಅಂದರೆ ಗೆದ್ದವರ ಕಣ್ಣಿಗೆ ಕಂಡದ್ದೇ ಸೋತವರ ಮೊಮ್ಮಕ್ಕಳ ಬಾಯಲ್ಲಿಯೂ ಉಳಿಯಿತು. ಬಹುಕಾಲದ ನಂತರವೇ ‘ಸ್ವಾತಂತ್ರ್ಯ ಸಮರ’ ಎಂಬ ಹೆಸರು ಬಳಕೆಗೆ ಬಂದುದು. ೧೯೪೨ರ ವಿಷಯದಲ್ಲಿ ಈ ತಿರುವು ಬೇಗನೆ ಆಯಿತು. ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ತಂತಿಗಳನ್ನು ಕತ್ತರಿಸಿದವರನ್ನು ಸರಕಾರವು ವಿಧ್ವಂಸಕರೆಂದಿತು, ಜನ ದೇಶಭಕ್ತರೆಂದರು. ಕಿಶೋರಲಾಲ ಮಶ್ರೂವಾಲಾ ಅವರು ಅದೇ ಆಗಸ್ಟಿನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ, ಜೀವಹಾನಿಯಾಗದಂತೆ ಎಚ್ಚರ ವಹಿಸಿ ತಂತಿ ಕತ್ತರಿಸುವುದು ಅಹಿಂಸೆಯ ಎಲ್ಲೆಯೊಳಗೇ ಬರಬಹುದೆಂಬ ಭಾವದಲ್ಲಿ ಬರೆದರು. ಗಾಂಧೀಜಿಯವರು ೧೯೪೪ರಲ್ಲಿ ಬಿಡುಗಡೆಯಾದ ಮೇಲೆ ಅಂಥ ಕಾರ್ಯವನ್ನು ಒಪ್ಪಲಿಲ್ಲ. ಗುರುಶಿಷ್ಯರಲ್ಲಿಯೇ ಒಮ್ಮತವಿರಲಿಲ್ಲವೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಮರೆಮಾಚುವುದೇಕೋ ತಿಳಿಯದು. ತಂತಿ ಕತ್ತರಿಸುವುದು ಯಾವ ಕಾಲಕ್ಕೂ ಸರಿಯೆಂದು ಇದರಿಂದ ತಾತ್ಪರ್ಯವಲ್ಲ. ಅಂದು ಕಡಿದ ತಂತಿ ಮುಖ್ಯವಾಗಿ ಸರಕಾರದ ಸುದ್ದಿಯನ್ನು ಒಯ್ಯುತ್ತಿತ್ತು. ಇಂದಿನ ತಂತಿಯು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೋಣೆಗೂ ಬಡವನ ಬಾವಿಗೂ ಹೋಗುತ್ತದೆ. ಈ ಭೇದವನ್ನು ಅಲಕ್ಷಿಸುವ ಸಾಮ್ಯ ಕೆಟ್ಟ ಸಾಮ್ಯ.

ಕಾನೂನು ಈ ಪದವನ್ನು ಹೇಗೆ ತೂಗಿದೆಯೆಂಬುದೂ ಸ್ವಾರಸ್ಯಕರವಾಗಿದೆ. ೨೦೦೩ರ ವಿದ್ಯುತ್ ಕಾಯಿದೆಯು ಅಲಕ್ಷ್ಯದಿಂದ ವಿದ್ಯುತ್ ಸಾಮಗ್ರಿಯನ್ನು ಮುರಿದವನಿಗೆ ೧೩೯ನೆಯ ಕಲಮಿನಲ್ಲಿ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಿತು; ಪೂರೈಕೆಯನ್ನು ನಿಲ್ಲಿಸುವ ಉದ್ದೇಶದಿಂದಲೇ ತಂತಿ ಕಡಿದವನಿಗೆ ೧೪೦ನೆಯ ಕಲಮಿನಲ್ಲಿ ಅಷ್ಟೇ ದಂಡ. ಆದರೆ ತಂತಿಯನ್ನು ಕದ್ದವನಿಗೆ ೧೩೬ನೆಯ ಕಲಮು ಮೂರು ವರ್ಷಗಳವರೆಗೆ ಸೆರೆಯನ್ನು ಇಟ್ಟಿತು. ಸಾರ್ವಜನಿಕ ಸ್ವತ್ತಿನ ಹಾನಿಯನ್ನು ಕುರಿತ ೧೯೮೪ರ ಕಾಯಿದೆಯಾದರೋ ವಿದ್ಯುತ್ ಸ್ಥಾವರಕ್ಕೆ ಹಾನಿ ಮಾಡಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗಿನ ಸೆರೆಯನ್ನು ವಿಧಿಸಿತು. ಒಂದೇ ಕೃತ್ಯವು ಒಂದು ಪುಸ್ತಕದಲ್ಲಿ ಜುಲ್ಮಾನೆಯ ಮಾತು, ಇನ್ನೊಂದರಲ್ಲಿ ಸೆರೆಮನೆಯ ಮಾತು. ಯಾವುದನ್ನು ತೆರೆಯಬೇಕೆಂಬುದು ಮೊಕದ್ದಮೆ ಹೂಡುವವನ ಇಚ್ಛೆಗೆ ಬಿಟ್ಟದ್ದಾಗುತ್ತದೆ.

ಇದು ಬರಿಯ ಪದವಿಚಾರವಲ್ಲವೆಂಬುದಕ್ಕೆ ಕಾರಣವುಂಟು. ಒಂಟಿ ಮಾರ್ಗದ ದೌರ್ಬಲ್ಯಕ್ಕೆ ಪರಿಹಾರವೆಂದರೆ ಎರಡನೆಯ ಮಾರ್ಗ, ಹೆಚ್ಚು ಒತ್ತಡದ ಮಾರ್ಗ. ಅದು ಯಾರದಾದರೂ ತೋಟದ ಮೇಲೆಯೇ ಹೋಗಬೇಕು. ೪೦೦ ಕಿಲೋವೋಲ್ಟ್ ಮಾರ್ಗಕ್ಕೆ ಸುಮಾರು ೪೬ ಮೀಟರ್ ಅಗಲದ ಜಾಗ ಬೇಕಾಗುತ್ತದೆ. ಅದರೊಳಗೆ ಅಡಕೆ, ತೆಂಗು ನಿಲ್ಲಲಾರವು. ಉಡುಪಿ–ಕಾಸರಗೋಡು ಮಾರ್ಗಕ್ಕೆ ನೆರೆಯ ವಿಟ್ಲದ ಕಡೆಯ ಕೃಷಿಕರು ಒಡ್ಡಿದ ವಿರೋಧವೂ, ಸುಳ್ಯದ ೧೧೦ ಕಿಲೋವೋಲ್ಟ್ ಮಾರ್ಗಕ್ಕೆ ಬಂದ ಆಕ್ಷೇಪಗಳೂ ಇದೇ ಜಾತಿಯವು. ಎರಡು ಎಕರೆ ತೋಟದ ಒಡೆಯನಿಗೆ ಅಷ್ಟು ಅಗಲದ ಪಟ್ಟಿ ಹೋದರೆ ಉಳಿಯುವುದು ಅಂಚುಗಳು ಮಾತ್ರ. ಸುಳ್ಯದ ಪೇಟೆಯ ವ್ಯಾಪಾರಿಗೆ ಕರೆಂಟು ಬೇಕು, ಅದೂ ನ್ಯಾಯವೇ. ಈ ಎರಡು ನ್ಯಾಯಗಳ ತಿಕ್ಕಾಟವನ್ನು ಪರಿಹಾರಧನದ ದರ, ಮಾರ್ಗದ ಆಯ್ಕೆ, ಕಾಡಿನ ಅಂಚು ಮುಂತಾದ ಪ್ರಶ್ನೆಗಳಾಗಿ ಬಿಡಿಸಬೇಕು. ಅದರ ಬದಲು ‘ರಾಷ್ಟ್ರದ ಭದ್ರತೆ’ ಎಂಬ ಮಾತನ್ನು ನಡುವೆ ತಂದರೆ ಆಕ್ಷೇಪ ಎತ್ತಿದ ರೈತನು ಗುಂಡು ಹಾರಿಸಿದವನ ಪಂಕ್ತಿಗೆ ಸೇರಿಬಿಡುತ್ತಾನೆ. ೧೮೩೭ರ ಜನರಿಗೆ ಅಂಟಿದ ಹೆಸರನ್ನು ಕಂಡ ನಾವು ಇದರಲ್ಲಿ ಎಚ್ಚರ ತಪ್ಪಬಾರದು.

ಇಂಥ ವಿಷಯದಲ್ಲಿ ನಿರ್ಣಯಕ್ಕೆ ಬೇಕಾದ ಮೂಲಸಾಮಗ್ರಿ ದೂರದಲ್ಲಿಲ್ಲ. ಸಬ್‌ಸ್ಟೇಶನ್ನುಗಳಲ್ಲಿ ಪಾಳಿಯವರು ಬರೆದಿಡುವ ದಿನಚರಿ ಪುಸ್ತಕಗಳಲ್ಲಿ ಮಾರ್ಗ ನಿಂತ ವೇಳೆ, ಮರಳಿ ಬಂದ ವೇಳೆ, ತಿಳಿದಲ್ಲಿ ಕಾರಣ, ಇವು ದೊರೆಯಬೇಕು. ಶಾಸನವನ್ನೂ ಕಡತವನ್ನೂ ಓದುವ ಶ್ರದ್ಧೆಯಿಂದಲೇ ಇವನ್ನೂ ಓದಬೇಕು. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜಿನ ಅಥವಾ ಪುತ್ತೂರಿನ ಕಾಲೇಜುಗಳ ಒಬ್ಬಿಬ್ಬರು ವಿದ್ಯಾರ್ಥಿಗಳು ಅನುಮತಿ ಪಡೆದು ಹತ್ತು ಮಳೆಗಾಲಗಳ ಪುಸ್ತಕಗಳನ್ನು ನಕಲಿಸಿ, ಮರ ಎಷ್ಟು, ಸಿಡಿಲು ಎಷ್ಟು, ಕಳವು ಎಷ್ಟು, ಕೇಡಿಗಳ ಕೈ ಎಷ್ಟು ಎಂದು ವಿಂಗಡಿಸಿದರೆ ಈ ಲೇಖನದ ವಾದವು ನಿಲ್ಲುವುದೋ ಬೀಳುವುದೋ ಗೊತ್ತಾಗುತ್ತದೆ. ಆ ಕೆಲಸವನ್ನು ಮುಂಗಾರಿಗೆ ಮುನ್ನ ಆರಂಭಿಸುವುದು ಲೇಸು. ಮಳೆ ಹಿಡಿದ ಮೇಲೆ ಪಾಳಿಯವರಿಗೆ ಯಾರೊಡನೆಯೂ ಮಾತನಾಡುವಷ್ಟು ಬಿಡುವಿರುವುದಿಲ್ಲ.