ಗೈಡು ತೋರಿಸದ ಸಿನಗಾಗ್

ಕೊಚ್ಚಿಯ ಮಟ್ಟಂಚೇರಿಯಲ್ಲಿ ಗೈಡುಗಳಿಗೆಲ್ಲ ಒಂದು ಮಾತು ಬಾಯಿಪಾಠ. ಯಹೂದಿಗಳ ಪ್ರಾರ್ಥನಾ ಮಂದಿರವಾದ ಪರದೇಶಿ ಸಿನಗಾಗ್‌ನ ನೆಲಕ್ಕೆ ಹಾಸಿದ ನೀಲಿ-ಬಿಳಿ ಬಿಲ್ಲೆಗಳು ಚೀನಾದಿಂದ ಬಂದವು, ಒಂದರ ಹಾಗೆ ಇನ್ನೊಂದಿಲ್ಲ! ಗುಂಪು ‘ಹೌದಾ’ ಎಂದು ಬೆರಗಾಗುತ್ತದೆ. ಒಳಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಆ ಬರಿಗಾಲಲ್ಲೇ ತುಸು ಬಗ್ಗಿ ನೋಡಿದರೆ ನಿಜ ಗೊತ್ತಾಗುತ್ತದೆ. ಚಿತ್ರದ ಮಾದರಿಗಳು ಕೆಲವೇ, ಮತ್ತೆ ಮತ್ತೆ ಬರುತ್ತವೆ. ಕೈಯಲ್ಲಿ ಬರೆದದ್ದರಿಂದ ಕುಂಚದ ಎಳೆ ಮಾತ್ರ ಬೇರೆ ಬೇರೆ.

ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸಿ ಎನ್ನುವುದು ಈ ಅಂಕಣದ ಹಳೇ ಹಟ. ‘ಸ್ಟೋರಿಟೆಲ್ಲಿಂಗ್’ ಎಂಬ ಹೊಸ ಪಂಥದ ಗೈಡುಗಳಿಗೆ ಅದು ರುಚಿಸುವುದಿಲ್ಲ. ಅವರು ಪ್ರವಾಸಿಗರನ್ನು ಕರೆದೊಯ್ಯುವ ನಡಿಗೆ 1568ರ ಈ ಸಿನಗಾಗ್, 1760ರ ಗಡಿಯಾರ ಗೋಪುರ, ಅರಮನೆ ಮುಗಿಸಿ ನೆಟ್ಟಗೆ ಪುರಾತನ ವಸ್ತುಗಳ ಅಂಗಡಿಗೆ ನುಗ್ಗುತ್ತದೆ. ಅದೇ ಸಿನಗಾಗ್‌ನ ಅಂಗಳದ ಗೋಡೆಯಲ್ಲಿ 1344ರ ಶಿಲಾಶಾಸನವೊಂದಿದೆ. ಅದು ಕೊಚ್ಚಂಗಾಡಿಯಲ್ಲಿದ್ದ, ಈಗಿಲ್ಲದ ಸಿನಗಾಗಿನದು. ಕಟ್ಟಡಕ್ಕಿಂತ ಇನ್ನೂರು ವರ್ಷ ಹಳೆಯ ಕಲ್ಲು! ಅದರ ಮುಂದೆ ಎರಡು ನಿಮಿಷ ನಿಲ್ಲಿಸುವ ಗೈಡು ಅಪರೂಪ.

ಕಥೆಯೇ ಬೇಕೆಂದರೆ ಎ.ಬಿ. ಸೇಲಂ ಅವರದ್ದನ್ನು ಹೇಳಲಿ. ಬಿಡುಗಡೆ ಪಡೆದ ಗುಲಾಮರ ವಂಶದವರು ಎಂಬ ಕಾರಣಕ್ಕೆ ಸೇಲಂ ಕುಟುಂಬಕ್ಕೆ ಈ ಸಿನಗಾಗ್‌ನಲ್ಲಿ ಉಳಿದವರ ಸಮಕ್ಕೆ ಕೂರುವ ಹಕ್ಕಿರಲಿಲ್ಲ. ವಕೀಲರಾಗಿದ್ದ ಸೇಲಂ ಗಾಂಧೀಜಿಯ ದಾರಿ ಹಿಡಿದು ದೇವರ ಮನೆಯಲ್ಲೇ ಸತ್ಯಾಗ್ರಹ ಹೂಡಿದರು. ‘ಯಹೂದಿ ಗಾಂಧಿ’ ಎಂಬ ಹೆಸರು ಬಂದದ್ದು ಹಾಗೆ. ಜಾತಿ ಎಂಥೆಂಥ ಮನೆಗೆ ನುಗ್ಗಿದೆ ನೋಡಿ.

ಈ ಪರದೇಶಿ ಯಹೂದಿಗಳು ಬರುವುದಕ್ಕೂ ಎಷ್ಟೋ ಮೊದಲು ಇಲ್ಲಿ ನೆಲೆಸಿದ್ದವರು ಮಲಬಾರಿ ಯಹೂದಿಗಳು. ಅವರ ಕಡವುಂಭಾಗಂ ಸಿನಗಾಗ್ ಜ್ಯೂ ಟೌನ್ ರಸ್ತೆಯ ಇನ್ನೊಂದು ತುದಿಯಲ್ಲಿತ್ತು. ಜನ ಇಸ್ರೇಲಿಗೆ ಹೊರಟುಹೋದ ಮೇಲೆ ಅದು ಗೋದಾಮಾಯಿತು. ಒಳಗಿನ ಮರದ ಕೆತ್ತನೆ, ಬಣ್ಣದ ಚಾವಣಿ ಬಿಚ್ಚಿಕೊಂಡು ಹೋಗಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಜೋಡಿಸಿದ್ದಾರೆ. ಹೊರಗಿನ ಗೋಡೆ ಮಾತ್ರ ಮಟ್ಟಂಚೇರಿಯಲ್ಲಿ ಉಳಿದು, 2019ರ ಮಳೆಗೆ ಮುಂಭಾಗ ಕುಸಿಯಿತು. ಅಲ್ಲಿಗೆ ಕರೆದುಕೊಂಡು ಹೋಗದ ನಡಿಗೆಗೆ ಯಹೂದಿ ಕೇರಿಯ ನಡಿಗೆ ಎಂಬ ಹೆಸರೇಕೆ?

ಈ ವಾರ ಬರೆಯಬೇಕೆಂದಿದ್ದುದು ಇಷ್ಟೇ. ಆದರೆ ಜ್ಯೂ ಟೌನ್ ಎಂದಾಕ್ಷಣ ಮನಸ್ಸು ಮಂಗಳೂರಿಗೆ ಹಾರುತ್ತದೆ, ತಡೆಯುವುದು ಕಷ್ಟ. ಈಗಿನ ಟ್ಯುನೀಷಿಯಾದ ಮಹ್ದಿಯಾದಲ್ಲಿ ಹುಟ್ಟಿದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಏಡನ್ ಮೂಲಕ ಮಂಗಳೂರಿಗೆ ಬಂದು, 1132ರಿಂದ 1149ರವರೆಗಿನ ಬಹುಪಾಲು ವರ್ಷ ಈ ಕರಾವಳಿಯಲ್ಲೇ ವ್ಯಾಪಾರ ಮಾಡಿದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋದರೆ, ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. 1132ರಲ್ಲಿ ಆಶು ಎಂಬ ದಾಸಿಗೆ ಮಂಗಳೂರಿನಲ್ಲೇ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದ ಎಂದು ವಿದ್ವಾಂಸರ ಊಹೆ. ಅವನ ಆಳು ಬೊಮ್ಮ ಸರಕಿನ ಜೊತೆ ಏಡನ್‌ಗೆ ಹೋದವನು, ಅಲ್ಲಿ ಕುಡಿದು ದುಡ್ಡಿಗೆ ಪೀಡಿಸಿದನೆಂಬ ದೂರೂ ಯಿಜುವಿಗೆ ಬಂದ ಪತ್ರಗಳಲ್ಲಿದೆ!

ದೇವರ ಹೆಸರಿರಬಹುದಾದ ಕಾಗದ ಎಸೆಯಬಾರದೆಂದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ತುಂಬಿಟ್ಟಿದ್ದರಿಂದ ಈ ಪತ್ರಗಳೆಲ್ಲ ಉಳಿದವು. ಅಮಿತಾವ್ ಘೋಷ್ ಇದನ್ನೇ ಬೆನ್ನಟ್ಟಿ 1992ರಲ್ಲಿ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಬರೆದರು. ಬೊಮ್ಮನ ಗುರುತು ಹಿಡಿಯಲು ಅವರಿಗೆ ನೆರವಾದವರು ನಮ್ಮ ಜಾನಪದ ವಿದ್ವಾಂಸ ಬಿ.ಎ. ವಿವೇಕ ರೈ. ಮಂಗಳೂರಿನ ಬಂದರು ಬೀದಿಗಳಲ್ಲಿ ಜನರನ್ನು ನಡೆಸುವ ಉತ್ಸಾಹಿಗಳು ಯಿಜು ಮತ್ತು ಬೊಮ್ಮನಿಗೆ ಹತ್ತು ನಿಮಿಷ ಕೊಡಲಿ.

ಕೊಚ್ಚಿಗೆ ಹೊರಟವರು ಶನಿವಾರ ಬಿಟ್ಟು ಹೋಗಿ, ಅಂದು ಸಿನಗಾಗ್ ಪ್ರವಾಸಿಗರಿಗೆ ತೆರೆಯುವುದಿಲ್ಲ. ಗೈಡನ್ನು ಗೊತ್ತು ಮಾಡುವ ಮೊದಲೇ ಕಡವುಂಭಾಗಂವರೆಗೆ ನಡೆಸುತ್ತೀರಾ ಎಂದು ಕೇಳಿಕೊಳ್ಳಿ.