ಸರಳ ಗದ್ಯದೊಳಗಿನ ಅಪರಾಧ

ವಿವೇಕ ಶಾನಭಾಗರ ಕಿರು ಕಾದಂಬರಿ ‘ಘಾಚರ್ ಘೋಚರ್’ 2013ರಲ್ಲಿ ಬಂತು. ಓದಿದವರೆಲ್ಲ ಮೊದಲು ಹೇಳುವ ಮಾತು ಒಂದೇ: ಎಷ್ಟು ಸರಳವಾಗಿ ಬರೆದಿದ್ದಾರೆ! ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದ ಮೇಲೆ ಹೊರಗಿನವರೂ ಅದನ್ನೇ ಮೆಚ್ಚಿದರು. ಆದರೆ ಆ ಸರಳತೆ ಇಲ್ಲಿ ಯಾವ ಕೆಲಸಕ್ಕೆ ಒದಗಿದೆ ಎಂದು ಕೇಳದೆ ಹೋದರೆ ಪುಸ್ತಕದ ಅರ್ಧ ಕೈತಪ್ಪುತ್ತದೆ.

ನಿರೂಪಕನ ಕುಟುಂಬ ಮೊದಲಿದ್ದದ್ದು ಇಂಥಲ್ಲಿ: ಒಂದರ ಹಿಂದೊಂದು ರೈಲಿನ ಬೋಗಿಯಂತೆ ಜೋಡಿಸಿಟ್ಟ ಸಣ್ಣ ಕೋಣೆಗಳು, ಒಬ್ಬರ ಸಂಬಳದ ಮೇಲೆ ನಿಂತ ಮನೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲೋ ವಿಜಯನಗರದ ಗಲ್ಲಿಗಳಲ್ಲೋ ಬಾಡಿಗೆಗಿದ್ದವರಿಗೆ ಈ ಮನೆಯ ವಾಸನೆ ಕೂಡ ಗೊತ್ತು. ಅಲ್ಲಿ ಇರುವೆಗಳ ಕಾಟ. ಮೊದಲು ತಿಂಡಿ ಉಳಿಸಿಕೊಳ್ಳಲು ಹೋರಾಟ; ಆಮೇಲೆ ಕಂಡಲ್ಲಿ ಹೊಸಕುವುದು; ಕೊನೆಗೆ ಹೊಸಕುವುದರಲ್ಲೇ ಒಂದು ಖುಷಿ. ಇದನ್ನೆಲ್ಲ ನಿರೂಪಕ ಪಾತ್ರೆ ತೊಳೆದ ಸುದ್ದಿಯಷ್ಟೇ ನಿರಾಳವಾಗಿ ಹೇಳುತ್ತಾನೆ. ದನಿ ಏರುವುದಿಲ್ಲ, ವಿಶೇಷಣ ಬರುವುದಿಲ್ಲ. ಅವನು ಒಮ್ಮೆ ‘ಕ್ರೂರ’ ಎಂದಿದ್ದರೂ ನಾವು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು. ಅವನು ಹೇಳದ ಕಾರಣ ಆ ಮಾತನ್ನು ನಾವೇ ಆಡಿಕೊಳ್ಳಬೇಕಾಗುತ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ದೊಡ್ಡ ಮನೆಗೆ ಬಂದ ಮೇಲೆ, ಚಿಕ್ಕಪ್ಪನನ್ನು ಹುಡುಕಿಕೊಂಡು ಅಡುಗೆ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುತ್ತಾರೆ. ಇರುವೆಗಳ ಪುಟಗಳನ್ನು ಓದಿದವರಿಗೆ ಅದು ಹೊಸ ನಡವಳಿಕೆ ಅನ್ನಿಸುವುದಿಲ್ಲ.

ಕನ್ನಡಕ್ಕೆ ಸರಳ ಗದ್ಯವೇನೂ ಹೊಸತಲ್ಲ. ಮಾಸ್ತಿಯವರ ‘ಸುಬ್ಬಣ್ಣ’ 1928ರದ್ದು. ತೇಜಸ್ವಿ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದ ದಾರಿ ಬಿಟ್ಟು ಹೊರಟಿದ್ದನ್ನು ಸಾರಿದರು. ಮಾಸ್ತಿಯವರ ಕತೆ ಹೇಳುವ ಹಿರಿಯನನ್ನು ನಾವು ನಂಬುತ್ತೇವೆ; ಅವನ ಸರಳತೆ ಅವನ ಸಭ್ಯತೆಯೇ. ಶಾನಭಾಗರು ಅದೇ ನಂಬಿಕೆಯನ್ನು ಬಳಸಿಕೊಂಡು ನಮ್ಮನ್ನು ಸಿಕ್ಕಿಸುತ್ತಾರೆ. ಇಲ್ಲಿ ಚಿಕ್ಕ ವಾಕ್ಯವೆಂದರೆ ಬೇಕಾದ್ದನ್ನು ಬೇಕಾದಲ್ಲಿ ನಿಲ್ಲಿಸುವ ಸಾಧನ. ನಿರೂಪಕ ಕೆಲಸವಿಲ್ಲದೆ ಸಂಬಳ ಎಣಿಸುವವನು, ಹೆಂಡತಿಯ ಪರವಾಗಿ ಒಂದು ಮಾತೂ ಆಡದವನು. ತನ್ನ ಪಾಲಿನ ತಪ್ಪು ಹತ್ತಿರ ಬಂದಾಗಲೆಲ್ಲ ವಾಕ್ಯ ಮುಗಿಸಿ ಬೇರೆ ವಿಷಯಕ್ಕೆ ಹೊರಳುತ್ತಾನೆ. ಕೊನೆಯ ಪುಟಗಳ ಭಯ ಹುಟ್ಟುವುದು ಈ ಹೊರಳುವಿಕೆಯಿಂದ. ಅಲ್ಲಿ ಏನಾಯಿತೆಂದು ಬರೆದಿಲ್ಲ, ಆದರೂ ಓದುಗನ ಮೈ ತಣ್ಣಗಾಗುತ್ತದೆ. ಕನ್ನಡದ ಈಚಿನ ಗದ್ಯದಲ್ಲಿ ಇಷ್ಟು ಬಿಗಿಯಾದ ಕೆಲಸ ಅಪರೂಪ.

ಈಗ ಅನೇಕ ಹೊಸ ಕತೆಗಾರರು ಇದರಿಂದ ಕಲಿತದ್ದು ವಾಕ್ಯ ತುಂಡರಿಸುವುದನ್ನು ಮಾತ್ರ. ಒಳಗೆ ಮುಚ್ಚಿಡುವಂಥದ್ದೇ ಇಲ್ಲದಿದ್ದರೆ ಚಿಕ್ಕ ವಾಕ್ಯ ಬರೀ ಚಿಕ್ಕದಾಗಿಯೇ ಉಳಿಯುತ್ತದೆ.

ಈ ಪುಸ್ತಕದ ಬಗ್ಗೆಯೂ ನನಗೆ ಎರಡು ತಕರಾರುಗಳಿವೆ. ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಸಮಯಕ್ಕೆ ಸರಿಯಾಗಿ ತೂಕದ ಮಾತಾಡುತ್ತಾನೆ. ಉಳಿದ ಕಡೆ ಲೇಖಕರು ಪಾಲಿಸಿದ ಸಂಯಮ ಅಲ್ಲಿ ಸಡಿಲವಾಗಿದೆ. ಅವನು ಬರೀ ಕಾಫಿ ತಂದಿಟ್ಟು ಹೋಗಿದ್ದರೂ ಸಾಕಿತ್ತು. ಎರಡನೆಯದು ನಿರೂಪಕನ ಹೆಂಡತಿ ಅನಿತಾ. ಆ ಮನೆಯಲ್ಲಿ ಎದುರು ಮಾತಾಡಿದವಳು ಅವಳೊಬ್ಬಳೇ, ಆದರೆ ಅವಳ ಮಾತು ನಮಗೆ ಸಿಗುವುದು ಗಂಡ ಆರಿಸಿ ಕೊಟ್ಟಷ್ಟು. ನಿರೂಪಣೆಯ ತರ್ಕಕ್ಕೆ ಇದು ಬೇಕು, ಒಪ್ಪುತ್ತೇನೆ. ಆದರೂ ಅವಳ ಸಿಟ್ಟಿಗೆ ಇನ್ನೊಂದಿಷ್ಟು ಜಾಗ ಬೇಕಿತ್ತು.